‘ಗೊತ್ತಿಲ್ಲ’ ಅಂದವರನ್ನು ಲೆಕ್ಕದಲ್ಲಿ ಎಲ್ಲಿಗೆ ಸೇರಿಸೋದು? ಕೋಲಾರದ ಕೆರೆ ನೀರಿನ ಸಮೀಕ್ಷೆ

ಮಾಲೂರು ಹುಡುಗಿ
ಎಲ್ಲರಿಗೂ ನಮಸ್ಕಾರ. ಎಂ.ಎ. ಅರ್ಥಶಾಸ್ತ್ರ, ಕೊನೆಯ ಸೆಮಿಸ್ಟರ್. ಪ್ರಾಜೆಕ್ಟ್‌ಗೆ ಕೋಲಾರ ತಾಲ್ಲೂಕಿನ ಹಳ್ಳಿಗಳಲ್ಲಿ ಮನೆ ಮನೆ ಸಮೀಕ್ಷೆ ಮಾಡಿದ್ದೇನೆ. ವಿಷಯ ಕೆ.ಸಿ. ವ್ಯಾಲಿ, ಅಂದರೆ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ತುಂಬಿಸುವ ಯೋಜನೆ. ಮುಖ್ಯ ಪ್ರಶ್ನೆ ಇದು: ‘ಬೆಂಗಳೂರಿನಿಂದ ಬರುವ ಸಂಸ್ಕರಿಸಿದ ನೀರನ್ನು ನಿಮ್ಮ ಊರ ಕೆರೆಗೆ ತುಂಬಿಸುವುದು ಮುಂದುವರಿಯಬೇಕೇ?’ ಉತ್ತರ ಹೌದು, ಬೇಡ, ಗೊತ್ತಿಲ್ಲ.

ತೊಂದರೆ ಏನೆಂದರೆ ಮೂರನೇ ಕಾಲಂ ತುಂಬಾ ದಪ್ಪ ಇದೆ. ನಿಜವಾದ ಅಂಕಿಗಳನ್ನು ಈಗಲೇ ಹಾಕುವಂತಿಲ್ಲ. ಮಾತಾಡಲು ಸುಲಭ ಆಗಲಿ ಅಂತ ಹೀಗೆ ಅಂದುಕೊಳ್ಳಿ: 400 ಮನೆ, 190 ಹೌದು, 110 ಬೇಡ, 100 ಗೊತ್ತಿಲ್ಲ.

ಗೈಡ್ ಹೇಳುವುದು, ಆ 100 ತೆಗೆದು ಉಳಿದ 300ಕ್ಕೆ ಶೇಕಡಾ ಹಾಕು ಅಂತ. ಕ್ಲಾಸ್‌ಮೇಟ್ ಹೇಳುವುದು, ಅರ್ಧ ಆ ಕಡೆ ಅರ್ಧ ಈ ಕಡೆ ಹಂಚು ಅಂತ. ಇನ್ನೊಬ್ಬಳು ಹೇಳುವುದು, ಅವರಿಗೆ ಮಧ್ಯದ ಅಂಕ ಕೊಟ್ಟು ಸರಾಸರಿ ತೆಗೆ ಅಂತ. ಯಾವುದು ಸರಿ?

ಕೆಜಿಎಫ್ ಲೋಕಲ್
ಗೈಡ್ ಹೇಳಿದ್ದು ಸರಿ. ಪಾಸಾಗಬೇಕಾ ಬೇಡವಾ?

ಲೆಕ್ಕದ ಮೇಷ್ಟ್ರು
ನೋಡಮ್ಮ, ಮೊದಲು ಮೂರನ್ನೂ ಲೆಕ್ಕ ಹಾಕಿಬಿಡೋಣ.

100 ಜನರನ್ನು ತೆಗೆದರೆ 300ಕ್ಕೆ 190, ಅಂದರೆ ಶೇ 63.3. ಅರ್ಧರ್ಧ ಹಂಚಿದರೆ 240, ಶೇ 60. ಎಲ್ಲರನ್ನೂ ಇಟ್ಟುಕೊಂಡು ಹೌದು ಅಂದವರನ್ನಷ್ಟೇ ಎಣಿಸಿದರೆ ಶೇ 47.5. ಅದೇ ಊರು, ಅದೇ ಜನ. ಆದರೆ ಒಂದು ತಲೆಬರಹದಲ್ಲಿ ‘ಮೂರರಲ್ಲಿ ಇಬ್ಬರ ಬೆಂಬಲ’, ಇನ್ನೊಂದರಲ್ಲಿ ‘ಬಹುಮತ ಇಲ್ಲ’.

ಗೈಡ್ ಹೇಳಿದ ದಾರಿಯಲ್ಲಿ ಒಂದು ಊಹೆ ಅಡಗಿದೆ. ಗೊತ್ತಿಲ್ಲ ಅಂದವರನ್ನು ತೆಗೆದುಹಾಕಿದರೆ ಅವರ ಬಗ್ಗೆ ಏನೂ ಹೇಳಲಿಲ್ಲ ಅನ್ನಿಸುತ್ತದೆ. ಹಾಗಲ್ಲ. ಅವರು ಬಾಯಿ ಬಿಟ್ಟಿದ್ದರೆ ಉಳಿದವರ ಅನುಪಾತದಲ್ಲೇ ಹಂಚಿಹೋಗುತ್ತಿದ್ದರು ಎಂದು ಹೇಳಿದ ಹಾಗಾಯಿತು. ಅರ್ಧರ್ಧ ಹಂಚುವುದೂ ಊಹೆಯೇ. ಊಹೆ ಮಾಡಬಾರದು ಅಂತಲ್ಲ. ಮಾಡಿದ್ದನ್ನು ಬರೆಯಬೇಕು.

ಇನ್ನೊಂದು. ಸಮೀಕ್ಷೆಯ ಅಂಕಿ ನಿಜಕ್ಕಿಂತ ಎಷ್ಟು ಆಚೀಚೆ ಇರಬಹುದು ಅನ್ನುವುದೇ ತಪ್ಪಿನ ಮಿತಿ. 400 ಜನರಿಗೆ ಅದು ಸುಮಾರು 4.9 ಅಂಕ. 300ಕ್ಕೆ ಇಳಿದರೆ 5.7. ಎಷ್ಟೋ ವರದಿಗಳಲ್ಲಿ ಶೇಕಡಾ 300ರದ್ದು, ತಪ್ಪಿನ ಮಿತಿ 400ರದ್ದು ಇರುತ್ತದೆ.

ಗೌರಿಬಿದನೂರು ಗುರು
ಮೇಷ್ಟ್ರೇ, ಹಾಗಾದರೆ ಏನು ಬರೆಯಬೇಕು? 47.5ರಿಂದ 72.5ರವರೆಗೆ ಎಲ್ಲಾದರೂ ಇರಬಹುದು ಅಂತಲಾ? ನಾನು ಸ್ವಲ್ಪ ಕಾಲ ಪತ್ರಿಕೆಯಲ್ಲಿ ಕೆಲಸ ಮಾಡಿದವನು. ಇಂಥ ಸಾಲು ತೆಗೆದುಕೊಂಡು ಹೋದರೆ ಡೆಸ್ಕ್‌ನಲ್ಲಿ ಹರಿದು ಹಾಕುತ್ತಾರೆ.

ಲೆಕ್ಕದ ಮೇಷ್ಟ್ರು
ಡೆಸ್ಕ್‌ನವರು ಹರಿದರೂ ಸತ್ಯ ಅಷ್ಟೇ. 100 ಜನರೂ ಬೇಡ ಅಂದರೆ 47.5, ಎಲ್ಲರೂ ಹೌದು ಅಂದರೆ 72.5. ಊಹೆ ಏನೂ ಇಲ್ಲದೆ ಹೇಳಲು ಆಗುವುದು ಅಷ್ಟೇ. ಚಾರ್ಲ್ಸ್ ಮಾನ್ಸ್ಕಿ ಎಂಬ ಅರ್ಥಶಾಸ್ತ್ರಜ್ಞ ಇದನ್ನೇ ದೊಡ್ಡ ವಿಷಯ ಮಾಡಿದರು. ಮೊದಲು ಆ ಅಗಲ ತೋರಿಸು, ಆಮೇಲೆ ಯಾವ ಊಹೆ ಸೇರಿಸಿದರೆ ಎಷ್ಟು ಕಿರಿದಾಗುತ್ತದೆ ತೋರಿಸು ಅಂತ.

ಮಂಡಿ ಮಾತು
ನಮ್ಮ ಟೊಮೆಟೊ ಮಂಡಿಯಲ್ಲಿ ಗ್ರೇಡ್ ಮಾಡದೆ ಹಣ್ಣು, ಕಾಯಿ, ಒಡೆದದ್ದು ಎಲ್ಲಾ ಒಂದೇ ಬಾಕ್ಸ್‌ಗೆ ಸುರಿದು ತಂದರೆ ಯಾರೂ ಹರಾಜು ಕೂಗಲ್ಲ. ನೀವೆಲ್ಲಾ ಆ 100 ಜನರ ಬಾಕ್ಸ್ ತೆರೆದು ನೋಡದೆ ರೇಟ್ ಮಾತಾಡ್ತಾ ಇದ್ದೀರಿ.

ಬೂತ್ ನಂಬರ್ 2
ಮಂಡಿಯವರ ಮಾತಿಗೆ ನನ್ನದೂ ಒಂದು ವೋಟು. ಶ್ರೀನಿವಾಸಪುರ ಕಡೆ ಚುನಾವಣೆ ಸಮೀಕ್ಷೆಗೆ ಹುಡುಗರನ್ನು ಕರೆದುಕೊಂಡು ಸುತ್ತಿದವನು ನಾನು. ಗೊತ್ತಿಲ್ಲ ಅನ್ನುವವರಲ್ಲಿ ಎಷ್ಟು ಥರ ಇದ್ದಾರೆ ಕೇಳಿ.

ಒಬ್ಬನಿಗೆ ನಿಜವಾಗಿ ಗೊತ್ತಿಲ್ಲ. ಇನ್ನೊಬ್ಬನಿಗೆ ಚೆನ್ನಾಗಿ ಗೊತ್ತು, ಆದರೆ ಪಕ್ಕದಲ್ಲಿ ಪಂಚಾಯ್ತಿ ಮೆಂಬರ್ ನಿಂತಿದ್ದಾನೆ. ಮತ್ತೊಬ್ಬ ಎರಡೂ ಕಡೆ ತೂಗಿ ನೋಡ್ತಾ ಇದ್ದಾನೆ, ಕೊನೆ ವಾರದಲ್ಲಿ ತೀರ್ಮಾನ ಮಾಡ್ತಾನೆ. ಒಬ್ಬಳಿಗೆ ಹಸು ಹಾಲು ಕರೆಯುವ ಹೊತ್ತು, ನೀವು ಬೇಗ ಹೋದರೆ ಸಾಕು. ಇನ್ನು ಕೆಲವರಿಗೆ ಪ್ರಶ್ನೆಯೇ ಅರ್ಥ ಆಗಿಲ್ಲ. ನಮ್ಮ ಕಡೆ ಮನೆಯೊಳಗೆ ತೆಲುಗು ಮಾತಾಡುವವರು ಜಾಸ್ತಿ. ಪುಸ್ತಕದ ಕನ್ನಡದಲ್ಲಿ ‘ಸಂಸ್ಕರಿಸಿದ ನೀರು’ ಅಂತ ಓದಿದರೆ ಅಜ್ಜಿ ಪಾಪ ಏನು ಹೇಳಬೇಕು?

ಇವರೆಲ್ಲಾ ಫಾರ್ಮ್‌ನಲ್ಲಿ ಒಂದೇ ಕೋಡ್ ಆಗಿ ಕೂತಿರುತ್ತಾರೆ.

ಅಂಗನವಾಡಿ ಟೀಚರ್
ಹೆಂಗಸರ ವಿಷಯ ಬಿಟ್ಟಿರಿ ಸಾರ್. ‘ನಮ್ಮ ಯಜಮಾನರು ಬರಲಿ, ಅವರನ್ನೇ ಕೇಳಿ’ ಅಂದರೆ ಹುಡುಗರು ಗೊತ್ತಿಲ್ಲ ಅಂತ ಟಿಕ್ ಹಾಕಿಕೊಂಡು ಹೊರಡುತ್ತಾರೆ. ಬಿಂದಿಗೆ ಹಿಡಿದು ನೀರಿಗೆ ಹೋಗುವವಳು ಅವಳು. ನೀರಿನ ಬಗ್ಗೆ ಅವಳಿಗೆ ಗೊತ್ತಿಲ್ಲವಾ? ನಾನು ಇಲಾಖೆ ಸರ್ವೆ ಮಾಡುವಾಗ ಮನೆಯವರು ಇಲ್ಲದ ಹೊತ್ತು ನೋಡಿ ಹೋಗುತ್ತೇನೆ. ಆಗ ಅರ್ಧ ಗಂಟೆ ಮಾತಾಡುತ್ತಾರೆ.

ಮಾಲೂರು ಹುಡುಗಿ
ಟೀಚರ್, ಹೌದು. ನನ್ನ ಫಾರ್ಮ್‌ಗಳಲ್ಲೂ ಗೊತ್ತಿಲ್ಲ ಅಂದವರಲ್ಲಿ ಹೆಂಗಸರು ಜಾಸ್ತಿ. ಜೊತೆಗೆ ಬೋರ್‌ವೆಲ್ ಇಲ್ಲದ ಮನೆಗಳೂ ಜಾಸ್ತಿ.

ಕೆಜಿಎಫ್ ಲೋಕಲ್
ಬೋರ್‌ವೆಲ್ ಇರುವವನಿಗೆ ಕೆರೆ ತುಂಬಿದರೆ ಲಾಭ. ಅವನು ಹೌದು ಅಂತಾನೆ. ಇದಕ್ಕೆ ಸರ್ವೆ ಬೇರೆ ಬೇಕಾ 😄

ನರಸಾಪುರ ರೈತ
ಲಾಭ ಅಂತ ಸುಮ್ನೆ ಹೇಳಬೇಡಿ. 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ನೀರು ಬಂದಾಗ ನೋಡಲು ಹೋದವರಲ್ಲಿ ನಾನೂ ಒಬ್ಬ. ಅಂತರ್ಜಲ ಮೇಲೆ ಬಂದಿದೆ, ಒಪ್ಪುತ್ತೇನೆ. ಆದರೆ ಎರಡು ಹಂತ ಮಾತ್ರ ಶುದ್ಧ ಮಾಡಿ ಬಿಡುತ್ತಾರೆ, ಮೂರನೇ ಹಂತ ಮಾಡಿ ಅಂತ ಎಷ್ಟು ವರ್ಷದಿಂದ ಕೇಳುತ್ತಿದ್ದೇವೆ? ‘ಮುಂದುವರಿಯಬೇಕೇ’ ಅಂತ ಕೇಳಿದರೆ ನಾನು ಹೌದೂ ಅನ್ನಲ್ಲ, ಬೇಡವೂ ಅನ್ನಲ್ಲ. ಮೂರನೇ ಹಂತ ಮಾಡಿದರೆ ಹೌದು. ನಿಮ್ಮ ಫಾರ್ಮ್‌ನಲ್ಲಿ ಅದಕ್ಕೆ ಜಾಗ ಎಲ್ಲಿದೆ?

ಚಿಂತಾಮಣಿ ಎಕ್ಸ್‌ಪ್ರೆಸ್
ಸಾವಿರ ಅಡಿ ಕೊರೆಸಿದರೂ ಧೂಳು ಬರುತ್ತಿದ್ದ ಕಾಲ ಮರೆತುಬಿಟ್ಟಿರಾ? ಎತ್ತಿನಹೊಳೆ ನೀರಿಗೆ ಕಾಯುತ್ತಾ ಕೂತಿದ್ದರೆ ಆಗ್ತಿತ್ತಾ?

ನರಸಾಪುರ ರೈತ
ಮರೆತಿಲ್ಲ. ಅದಕ್ಕೇ ಬೇಡ ಅಂತಲೂ ಹೇಳಿಲ್ಲ. ಓದಿ ಉತ್ತರ ಕೊಡಿ.

ನಿರ್ವಾಹಕ
ನೀರಿನ ಗುಣಮಟ್ಟಕ್ಕೆ ಬೇರೆ ಎಳೆ ಇದೆ, ಅಲ್ಲಿ ಜಗಳ ಆಡಿ. ಇಲ್ಲಿ ಗೊತ್ತಿಲ್ಲ ಅಂದವರ ಲೆಕ್ಕ ಮಾತ್ರ.

ಶಿಡ್ಲಘಟ್ಟ ರೇಷ್ಮೆ
ನಿರ್ವಾಹಕರೇ, ರೈತರು ಹೇಳಿದ್ದು ವಿಷಯ ಬಿಟ್ಟ ಮಾತಲ್ಲ. ‘ಷರತ್ತಿನ ಮೇಲೆ ಹೌದು’ ಅನ್ನುವವರು ಗೊತ್ತಿಲ್ಲ ಕಾಲಂನಲ್ಲಿ ಬಿದ್ದಿದ್ದರೆ ಅದು ದೊಡ್ಡ ವಿಷಯ.

ನಾನು ಬೆಂಗಳೂರಿನಲ್ಲಿ ಡೇಟಾ ಕೆಲಸ ಮಾಡುತ್ತೇನೆ. ಈ ಪ್ರಶ್ನೆಗೆ ಒಂದು ಒಳ್ಳೆಯ ನಿಜ ಪ್ರಸಂಗ ಇದೆ. ಸ್ಲೊವೇನಿಯಾ ಆಗ ಯುಗೊಸ್ಲಾವಿಯಾದ ಒಂದು ಭಾಗ. ಸ್ವತಂತ್ರ ಆಗಬೇಕೇ ಎಂದು 1990ರ ಡಿಸೆಂಬರ್ 23ರಂದು ಜನಮತ ಕೇಳಿದರು. ನಿಯಮ ಬಿಗಿ ಇತ್ತು. ಬಂದು ಹಾಕಿದ ಮತಗಳಲ್ಲಿ ಬಹುಮತ ಸಾಲದು, ಪಟ್ಟಿಯಲ್ಲಿರುವ ಒಟ್ಟು ಮತದಾರರಲ್ಲಿ ಬಹುಮತ ಬೇಕು. ಅಂದರೆ ಮನೆಯಲ್ಲೇ ಉಳಿದವನ ಮತ ಬೇಡ ಅಂದ ಹಾಗೆ.

ಅದಕ್ಕೂ ಮುಂಚೆ 2,074 ಜನರ ಸಮೀಕ್ಷೆ ನಡೆದಿತ್ತು. ಸ್ವಾತಂತ್ರ್ಯ ಬೇಕೇ, ಯುಗೊಸ್ಲಾವಿಯಾದಿಂದ ಬೇರೆಯಾಗಬೇಕೇ, ಮತ ಹಾಕಲು ಹೋಗುತ್ತೀರಾ ಎಂಬ ಮೂರು ಪ್ರಶ್ನೆ. ಮೂರಕ್ಕೂ ‘ಗೊತ್ತಿಲ್ಲ’ ಇತ್ತು. ರೂಬಿನ್, ಸ್ಟರ್ನ್, ವೆಹೋವರ್ ಎಂಬ ಮೂವರು ಸಂಖ್ಯಾಶಾಸ್ತ್ರಜ್ಞರು 1995ರ ಒಂದು ಲೇಖನದಲ್ಲಿ ಈ ಅಂಕಿಗಳನ್ನು ಹಿಡಿದು ಒಂದೊಂದೇ ವಿಧಾನ ಪರೀಕ್ಷೆ ಮಾಡಿದರು. ಮತ ಹಾಕಲು ಬಂದು ಹೌದು ಅನ್ನುವವರು ಎಷ್ಟು ಅನ್ನುವುದು ಲೆಕ್ಕ.

ಗೊತ್ತಿಲ್ಲ ಅಂದವರನ್ನೆಲ್ಲಾ ಬೇಡದ ಕಡೆ ಹಾಕಿದರೆ ಶೇ 69.4. ಅವರನ್ನು ಪೂರ್ತಿ ತೆಗೆದರೆ ಶೇ 92.8. ಅದೇ ಜನರು ಉಳಿದ ಎರಡು ಪ್ರಶ್ನೆಗೆ ಕೊಟ್ಟ ಉತ್ತರ ನೋಡಿ, ಅವರಂಥವರು ಏನು ಹೇಳಿದ್ದಾರೋ ಅದರ ಮೇಲೆ ತುಂಬಿದರೆ ಶೇ 88.3. ಜನಮತದ ದಿನ ನಿಜವಾಗಿ ಬಂದದ್ದು ಶೇ 88.5.

ಗೌರಿಬಿದನೂರು ಗುರು
ಚೆನ್ನಾಗಿದೆ. ಆದರೆ ಗೆದ್ದ ಕುದುರೆ ತೋರಿಸಿ ಎಲ್ಲಾ ಕುದುರೆಯೂ ಓಡುತ್ತದೆ ಅಂದರೆ ಹೇಗೆ? ಒಂದು ದೇಶದಲ್ಲಿ ಹೊಂದಿತು. ಅಲ್ಲಿ ಗಾಳಿ ಒಂದೇ ಕಡೆ ಬೀಸುತ್ತಿತ್ತು.

ಶಿಡ್ಲಘಟ್ಟ ರೇಷ್ಮೆ
ನ್ಯಾಯವಾದ ಪ್ರಶ್ನೆ. ಅದೇ ಲೇಖನದಲ್ಲಿ ಇನ್ನೊಂದು ಮಾದರಿಯೂ ಇದೆ. ಗೊತ್ತಿಲ್ಲ ಅನ್ನುವುದಕ್ಕೆ ಅವರ ಒಳಗಿನ ಅಭಿಪ್ರಾಯವೇ ಕಾರಣ ಎಂದು ಹಿಡಿದು ಮಾಡಿದ್ದು. ನೋಡಲು ಜಾಣ ಮಾದರಿ. ಬಂದದ್ದು ಶೇ 78.2, ಹತ್ತು ಅಂಕ ಕಡಿಮೆ. ಆದ್ದರಿಂದ ಮಾದರಿ ಜಟಿಲ ಆದಷ್ಟೂ ಸರಿ ಅಂತ ನಾನು ಹೇಳುತ್ತಿಲ್ಲ. ಫಾರ್ಮ್‌ನಲ್ಲಿ ಇರುವ ಬೇರೆ ಉತ್ತರಗಳನ್ನು ಉಪಯೋಗಿಸದೆ ಜನರನ್ನು ಎಸೆಯಬೇಡಿ ಅಂತ ಅಷ್ಟೇ.

ರೂಬಿನ್ 1976ರಲ್ಲೇ ಇದನ್ನು ಮೂರು ಬಗೆ ಮಾಡಿದ್ದರು. ಉತ್ತರ ಬಿಟ್ಟುಹೋಗಿರುವುದು ಶುದ್ಧ ಆಕಸ್ಮಿಕ. ಅಥವಾ ನಮಗೆ ಗೊತ್ತಿರುವ ಬೇರೆ ಸಂಗತಿಗಳಿಂದ ಅದನ್ನು ವಿವರಿಸಬಹುದು, ಉದಾಹರಣೆಗೆ ವಯಸ್ಸು, ಬೋರ್‌ವೆಲ್, ಗಂಡು ಹೆಣ್ಣು. ಅಥವಾ ಮುಚ್ಚಿಟ್ಟ ಉತ್ತರವೇ ಮುಚ್ಚಿಡಲು ಕಾರಣ. ಮೊದಲ ಬಗೆಯಲ್ಲಿ ಮಾತ್ರ ಸುಮ್ನೆ ತೆಗೆದುಹಾಕಿದರೂ ನಡೆಯುತ್ತದೆ ಅಂತ ಧೈರ್ಯವಾಗಿ ಹೇಳಬಹುದು. ಮೂರನೆಯದು ನಮ್ಮಲ್ಲಿ ಇದೆಯೋ ಇಲ್ಲವೋ ಎಂದು ಆ ಅಂಕಿಗಳನ್ನೇ ನೋಡಿ ಹೇಳಲು ಆಗುವುದಿಲ್ಲ. ತಲೆನೋವು ಇರುವುದೇ ಅಲ್ಲಿ.

ಮಾಲೂರು ಹುಡುಗಿ
ನನ್ನ ಉದಾಹರಣೆಯಲ್ಲಿ ಇದನ್ನು ಮಾಡಿ ತೋರಿಸುತ್ತೀರಾ? ಹೀಗೆ ಅಂದುಕೊಳ್ಳಿ. ಬೋರ್‌ವೆಲ್ ಇರುವ 200 ಮನೆ: 130 ಹೌದು, 50 ಬೇಡ, 20 ಗೊತ್ತಿಲ್ಲ. ಇಲ್ಲದ 200 ಮನೆ: 60 ಹೌದು, 60 ಬೇಡ, 80 ಗೊತ್ತಿಲ್ಲ.

ಲೆಕ್ಕದ ಮೇಷ್ಟ್ರು
ನಾನು ಮಾಡುತ್ತೇನೆ, ಕೈ ಕಡಿಯುತ್ತಿದೆ. ಬೋರ್‌ವೆಲ್ ಇರುವವರಲ್ಲಿ ಉತ್ತರ ಕೊಟ್ಟವರು 180, ಅದರಲ್ಲಿ 130 ಹೌದು, ಶೇ 72.2. ಆ 20 ಜನರಲ್ಲಿ ಅದೇ ಲೆಕ್ಕಕ್ಕೆ 14.4. ಇಲ್ಲದವರಲ್ಲಿ ಅರ್ಧಕ್ಕರ್ಧ, 80ರಲ್ಲಿ 40. ಒಟ್ಟು 190 ಕೂಡಿಸು 54.4, ಅಂದರೆ 244.4. ಶೇ 61.1.

ಕೆಜಿಎಫ್ ಲೋಕಲ್
63.3 ಹೋಗಿ 61.1. ಎರಡು ಪಾಯಿಂಟ್‌ಗೆ ಇಷ್ಟು ಪುರಾಣ!

ಶಿಡ್ಲಘಟ್ಟ ರೇಷ್ಮೆ
ಈ ಉದಾಹರಣೆಯಲ್ಲಿ ಎರಡು. ಗುಂಪುಗಳ ನಡುವೆ ಅಂತರ ಜಾಸ್ತಿ ಇದ್ದರೆ ಜಾಸ್ತಿ ಸರಿಯುತ್ತದೆ. ಇಷ್ಟೇ ಸರಿಯಿತು ಅನ್ನುವುದೂ ಒಂದು ಫಲಿತಾಂಶವೇ, ಬರೆದುಕೊಳ್ಳಲಿ. ಒಂದು ಎಚ್ಚರಿಕೆ: 54.4 ಅಂತ ಒಂದೇ ಸಂಖ್ಯೆ ತುಂಬಿ, ಅವರೂ ನಿಜವಾಗಿ ಉತ್ತರ ಕೊಟ್ಟವರೇ ಅನ್ನುವ ಹಾಗೆ ತಪ್ಪಿನ ಮಿತಿ ಹಾಕಬಾರದು. ತುಂಬಿದ್ದು ನಾವು. ಅದರ ಅನಿಶ್ಚಿತತೆಯೂ ಸೇರಬೇಕು. ಅದಕ್ಕೇ ಒಂದು ಸಲ ಅಲ್ಲ, ಹಲವು ಸಲ ಬೇರೆ ಬೇರೆಯಾಗಿ ತುಂಬಿ, ಪ್ರತಿ ಸಲದ ಉತ್ತರ ಎಷ್ಟು ಅಲುಗಾಡುತ್ತದೆ ನೋಡುವ ಪದ್ಧತಿ ಬಂದದ್ದು. ಅದೂ ರೂಬಿನ್ ಅವರದೇ.

ತುಮಕೂರು ತೆಂಗು
ಮಧ್ಯದ ಅಂಕದ ವಿಷಯ ಯಾರೂ ಮುಟ್ಟಲಿಲ್ಲ. ನಾನು ಮನಃಶಾಸ್ತ್ರ ಓದಿದವಳು, ಆ ಸಲಹೆ ನೋಡಿ ಹೊಟ್ಟೆ ಉರಿಯಿತು. ಲೈಕರ್ಟ್ 1932ರಲ್ಲಿ ಐದು ಮೆಟ್ಟಿಲ ಅಳತೆ (ಪೂರ್ತಿ ವಿರೋಧಕ್ಕೆ 1, ಪೂರ್ತಿ ಒಪ್ಪಿಗೆಗೆ 5) ಕೊಟ್ಟಾಗಿನಿಂದ ಈ ಗೊಂದಲ ಇದೆ. ‘ಎರಡೂ ಕಡೆ ಸಮ’ ಅನ್ನುವುದು ಒಂದು ಅಭಿಪ್ರಾಯ. ‘ಗೊತ್ತಿಲ್ಲ’ ಅನ್ನುವುದು ಅಭಿಪ್ರಾಯ ಇಲ್ಲ ಅಂತಲೋ, ಹೇಳಲ್ಲ ಅಂತಲೋ. ಇಬ್ಬರಿಗೂ 3 ಅಂಕ ಕೊಟ್ಟು ಸರಾಸರಿ ತೆಗೆದರೆ, ಊರೆಲ್ಲಾ ಮಧ್ಯಸ್ಥರೇ ತುಂಬಿದ್ದಾರೆ ಅನ್ನಿಸುತ್ತದೆ. ಪ್ರಶ್ನೆಯೇ ಅರ್ಥವಾಗದ ಅಜ್ಜಿಯೂ ಮಧ್ಯಸ್ಥೆ!

ಇನ್ನೊಂದು ಮಾತು. ಗೊತ್ತಿಲ್ಲ ಅನ್ನುವ ಆಯ್ಕೆಯನ್ನು ನೀವೇ ಓದಿ ಹೇಳಿದಿರಾ, ಅವರೇ ಅಂದರೆ ಮಾತ್ರ ಬರೆದುಕೊಂಡಿರಾ? ಓದಿ ಹೇಳಿದರೆ ಆ ಕಾಲಂ ದಪ್ಪ ಆಗುವುದು ಸಹಜ.

ಬೂತ್ ನಂಬರ್ 2
ನಾವು ಯಾವತ್ತೂ ಓದಿ ಹೇಳಲ್ಲ. ಓದಿದರೆ ಎಲ್ಲರೂ ಅದನ್ನೇ ಹಿಡಿಯುತ್ತಾರೆ. ಸುಲಭ ದಾರಿ. ಒಂದು ಸಲ ಗೊತ್ತಿಲ್ಲ ಅಂದರೆ, ‘ಇವತ್ತೇ ಚುನಾವಣೆ ಆದರೆ ಯಾವ ಕಡೆ ವಾಲುತ್ತೀರಿ?’ ಅಂತ ಇನ್ನೊಮ್ಮೆ ಕೇಳುತ್ತೇವೆ. ಅರ್ಧ ಜನ ಹೇಳಿಬಿಡುತ್ತಾರೆ.

ತುಮಕೂರು ತೆಂಗು
ಹೇಳಿಬಿಡುತ್ತಾರೆ, ಸರಿ. ಅದಕ್ಕೆ ಬೆಲೆ ಎಷ್ಟು? ಅಮೆರಿಕದಲ್ಲಿ ಜಾರ್ಜ್ ಬಿಷಪ್ ಮತ್ತು ಜೊತೆಯವರು ‘1975ರ ಸಾರ್ವಜನಿಕ ವ್ಯವಹಾರ ಕಾಯ್ದೆ’ ಬಗ್ಗೆ ಜನರನ್ನು ಕೇಳಿದರು. ಅಂಥ ಕಾಯ್ದೆಯೇ ಇರಲಿಲ್ಲ! ಆದರೂ ಸುಮಾರು ಮೂರರಲ್ಲಿ ಒಂದು ಪಾಲು ಜನ ಪರವೋ ವಿರೋಧವೋ ಹೇಳಿದರು. ‘ನಿಮಗೆ ಇದರ ಬಗ್ಗೆ ಅಭಿಪ್ರಾಯ ಇದೆಯೇ?’ ಅಂತ ಮೊದಲು ಕೇಳಿದಾಗ ಅಂಥವರು ಬಹಳ ಕಡಿಮೆಯಾದರು. ಒತ್ತಾಯ ಮಾಡಿ ತೆಗೆದ ಅರ್ಧದಲ್ಲಿ ಎಷ್ಟು ಜನ ನಿಮ್ಮ ಮುಖ ನೋಡಿ ಹೇಳಿದರು ಅಂತ ಹೇಗೆ ಗೊತ್ತಾಗುತ್ತದೆ?

ಬೂತ್ ನಂಬರ್ 2
ಮೇಡಂ, ಕಾಯ್ದೆ ಬೇರೆ, ವೋಟು ಬೇರೆ. ವೋಟು ಹಾಕುವ ದಿನ ಬಟನ್ ಒತ್ತಲೇಬೇಕು. ಅಲ್ಲಿ ಗೊತ್ತಿಲ್ಲ ಅನ್ನುವ ಬಟನ್ ಇಲ್ಲ.

ಚಿಂತಾಮಣಿ ಎಕ್ಸ್‌ಪ್ರೆಸ್
ಇದೆಯಲ್ಲ, ನೋಟಾ.

ಬೂತ್ ನಂಬರ್ 2
ನೋಟಾ ಗೊತ್ತಿಲ್ಲ ಅಂತ ಅಲ್ಲಪ್ಪ. ಇವರು ಯಾರೂ ಬೇಡ ಅಂತ. ಅದು ಗಟ್ಟಿ ತೀರ್ಮಾನ. 2013ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟ್ ತೀರ್ಪು ಬಂತು. ಆ ವರ್ಷ ಮೇ ತಿಂಗಳಲ್ಲೇ ನಮ್ಮ ವಿಧಾನಸಭೆ ಚುನಾವಣೆ ಮುಗಿದಿತ್ತು. ಹಾಗಾಗಿ ನಾವು ಅದನ್ನು ಮೊದಲು ನೋಡಿದ್ದು 2014ರ ಲೋಕಸಭೆಯಲ್ಲಿ. ಆಗ ದೇಶದಲ್ಲಿ ನೋಟಾ ಒತ್ತಿದವರು ಶೇ 1ರ ಆಸುಪಾಸು. ಸಮೀಕ್ಷೆಯ ಗೊತ್ತಿಲ್ಲ ಅದಕ್ಕಿಂತ ಎಷ್ಟೋ ಪಟ್ಟು. ಅವರೆಲ್ಲಾ ಎಲ್ಲಿ ಹೋದರು? ಒಂದು ಕಡೆ ಬಿದ್ದರು, ಇಲ್ಲಾ ಮನೆಯಲ್ಲಿ ಕೂತರು.

ಗೌರಿಬಿದನೂರು ಗುರು
ಬಿದ್ದದ್ದು ಯಾವ ಕಡೆ ಅನ್ನುವುದರಲ್ಲೇ ಸಮೀಕ್ಷೆಗಳ ಮಾನ ಹೋಗಿದ್ದು. 1948ರ ಅಮೆರಿಕ ಅಧ್ಯಕ್ಷ ಚುನಾವಣೆಯಲ್ಲಿ ಗ್ಯಾಲಪ್ ಸಮೀಕ್ಷಾ ಸಂಸ್ಥೆ ಡ್ಯೂಯಿ ಐದು ಅಂಕ ಮುಂದೆ ಅಂದಿತು. ಗೆದ್ದವರು ಟ್ರೂಮನ್. ಮತದಾನಕ್ಕೆ ಇನ್ನೂ ವಾರಗಳಿರುವಾಗಲೇ ಕೇಳುವುದನ್ನು ನಿಲ್ಲಿಸಿದ್ದರು. ಕೊನೆಯಲ್ಲಿ ತೀರ್ಮಾನ ಮಾಡಿದವರು ಉಳಿದವರ ಅನುಪಾತದಲ್ಲಿ ಹಂಚಿಕೊಳ್ಳಲಿಲ್ಲ. 1992ರಲ್ಲಿ ಬ್ರಿಟನ್‌ನ ಸಂಸತ್ ಚುನಾವಣೆಯಲ್ಲೂ ಅದೇ ಕಥೆ. ಸಮಬಲ ಅಂತ ಬರೆದರು, ಕನ್ಸರ್ವೇಟಿವ್ ಪಕ್ಷ ಸುಮಾರು ಏಳೂವರೆ ಅಂಕದಿಂದ ಮುಂದೆ ಬಂತು. ಆಮೇಲೆ ಅಲ್ಲಿನ ಐಸಿಎಂ ಎಂಬ ಸಮೀಕ್ಷಾ ಸಂಸ್ಥೆ ಗೊತ್ತಿಲ್ಲ ಅಂದವರಲ್ಲಿ ಒಂದು ಪಾಲನ್ನು ಅವರು ಹಿಂದೆ ಮತ ಹಾಕಿದ ಪಕ್ಷಕ್ಕೆ ಸೇರಿಸಲು ಶುರು ಮಾಡಿತು.

ನಮ್ಮಲ್ಲೂ 2024ರಲ್ಲಿ ಟಿವಿಯವರು 350, 400 ಅಂದರು. ಬಂದದ್ದು ಎನ್‌ಡಿಎ 293.

ಶಿಡ್ಲಘಟ್ಟ ರೇಷ್ಮೆ
ಗುರುಗಳೇ, 1992ರಲ್ಲಿ ಗೊತ್ತಿಲ್ಲ ಅಂದವರದಷ್ಟೇ ತಪ್ಪಲ್ಲ. ಆಯ್ದ ಜನರ ಮಾದರಿಯೂ ಓರೆ ಇತ್ತು, ಕೊನೆಯಲ್ಲಿ ಮನಸ್ಸು ಬದಲಿಸಿದವರೂ ಇದ್ದರು. 2024ರದ್ದು ಮತಗಟ್ಟೆ ಸಮೀಕ್ಷೆ. ಅಲ್ಲಿ ಮತ ಹಾಕಿ ಹೊರಗೆ ಬಂದವನಿಗೆ ತೀರ್ಮಾನ ಆಗಿರುತ್ತದೆ. ಹೇಳದೆ ಹೋಗುವವನು, ಸುಳ್ಳು ಹೇಳುವವನು ಇರುತ್ತಾನೆ. ಮತ ಪಾಲನ್ನು ಸೀಟಿಗೆ ತಿರುಗಿಸುವ ಲೆಕ್ಕ ಇನ್ನೊಂದು ಗುಂಡಿ. ಎಲ್ಲವನ್ನೂ ಇದೇ ಎಳೆಗೆ ಗಂಟು ಹಾಕಬೇಡಿ.

ಗೌರಿಬಿದನೂರು ಗುರು
ಹೇಳದೆ ಹೋಗುವವನೂ ಖಾಲಿ ಕಾಲಂ ಅಲ್ವಾ? ಗಂಟು ತಾನಾಗೇ ಬೀಳುತ್ತದೆ.

ಅಂಗನವಾಡಿ ಟೀಚರ್
ಹೇಳಲು ಹೆದರುವವರಿಗೆ ಒಂದು ಉಪಾಯ ಇದೆ. ಚುನಾವಣೆ ಸಮೀಕ್ಷೆ ಮಾಡುವ ಡೆಲ್ಲಿಯ ಸಿಎಸ್‌ಡಿಎಸ್ ಸಂಶೋಧನಾ ಸಂಸ್ಥೆಯ ಲೋಕನೀತಿಯವರು ನಕಲಿ ಮತಪತ್ರ ಕೊಡುತ್ತಾರೆ. ಗುರುತು ಹಾಕಿ ಮಡಚಿ ಡಬ್ಬಿಗೆ ಹಾಕಬೇಕು, ಕೇಳಲು ಬಂದವರಿಗೂ ಕಾಣಲ್ಲ. ಬಾಯಲ್ಲಿ ಹೇಳುವ ಕಷ್ಟ ತಪ್ಪುತ್ತದೆ.

ಮಾಲೂರು ಹುಡುಗಿ
ಇದು ತುಂಬಾ ಉಪಯೋಗ ಆಯ್ತು, ಟೀಚರ್. ಎಲ್ಲರಿಗೂ ಥ್ಯಾಂಕ್ಸ್. ನಾನು ಹೀಗೆ ಮಾಡೋಣ ಅಂತಿದ್ದೇನೆ. ಮುಖ್ಯ ಕೋಷ್ಟಕದಲ್ಲಿ ಮೂರೂ ಕಾಲಂ, 400ರ ಮೇಲೆ. ಕೆಳಗೆ ತೆಗೆದ ಲೆಕ್ಕ, ಗುಂಪುವಾರು ತುಂಬಿದ ಲೆಕ್ಕ, ಎರಡು ಕೊನೆಗಳು. ಹೌದು, ಬೇಡ ಎರಡರ ನಡುವಿನ ಅಂತರವನ್ನು ಬೇರೆಯಾಗಿ ಕೊಡುತ್ತೇನೆ. ಜೊತೆಗೆ ಗೊತ್ತಿಲ್ಲ ಅಂದ ಮನೆಗಳಲ್ಲಿ ಕೆಲವಕ್ಕೆ ಮತ್ತೆ ಹೋಗಿ ‘ಯಾಕೆ’ ಅಂತ ಕೇಳುತ್ತೇನೆ. ಮೂರನೇ ಹಂತದ ಪ್ರಶ್ನೆಯನ್ನೂ ಸೇರಿಸುತ್ತೇನೆ, ರೈತರೇ.

ಲೆಕ್ಕದ ಮೇಷ್ಟ್ರು
ಅಂತರದ ತಪ್ಪಿನ ಮಿತಿಗೆ 4.9 ಹಾಕಬೇಡಮ್ಮ. ನಿನ್ನ ಉದಾಹರಣೆಯಲ್ಲಿ 47.5 ಕಳೆ 27.5, ಅಂತರ 20. ಅದರ ಮಿತಿ ಸುಮಾರು 8.3 ಬರುತ್ತದೆ. ಅದೂ ಮನೆಗಳನ್ನು ಇಡೀ ತಾಲ್ಲೂಕಿನಿಂದ ಬಿಡಿ ಬಿಡಿಯಾಗಿ ಆರಿಸಿದ್ದರೆ. ಕೆಲವೇ ಹಳ್ಳಿಗಳಿಂದ ಗುಂಪಾಗಿ ತೆಗೆದಿದ್ದರೆ ಇನ್ನೂ ಜಾಸ್ತಿ.

ತುಮಕೂರು ತೆಂಗು
ಎರಡನೇ ಸಲ ಹೋದಾಗ ಹಳೆಯ ಉತ್ತರ ಅಳಿಸಬೇಡಿ. ಹೊಸದಕ್ಕೆ ಬೇರೆ ಕಾಲಂ. ಯಾರು ಬದಲಾದರು ಅನ್ನುವುದೇ ಅಲ್ಲಿನ ಮಾಹಿತಿ.

ಬೂತ್ ನಂಬರ್ 2
ಬೆಳಿಗ್ಗೆ, ಸಂಜೆ ಡೇರಿಗೆ ಹಾಲು ಹಾಕುವ ಹೊತ್ತು ಬಿಟ್ಟು ಹೋಗಮ್ಮ. ತೆಲುಗು ಬರುವ ಒಬ್ಬಳನ್ನು ಜೊತೆಗೆ ಕರೆದುಕೊ.

ಕೆಜಿಎಫ್ ಲೋಕಲ್
ಎಲ್ಲಾ ಸರಿ, ಗೈಡ್ ಒಪ್ಪಿದರಾ?

ಮಾಲೂರು ಹುಡುಗಿ
ಕೇಳಿದೆ. ‘ನೋಡೋಣ’ ಅಂದರು.

ಗೌರಿಬಿದನೂರು ಗುರು
ಅದನ್ನು ಯಾವ ಕಾಲಂಗೆ ಹಾಕ್ತೀಯ ಈಗ?